ಶಿರಾದ ಮೈಕು ನಿಂತ ಹೊತ್ತು

ತಾನು ಕೆಟ್ಟ ಗಂಡನಲ್ಲ ಎಂಬುದಕ್ಕೆ ನರಸಿಂಹರಾಜುವಿನ ಹತ್ತಿರ ಆ ದಿನದ ಮಟ್ಟಿಗೆ ಬೇಕಾದಷ್ಟು ಸಾಕ್ಷಿಗಳಿದ್ದವು. ಬೆಳಿಗ್ಗೆ ಎದ್ದು ಹೆಂಡತಿಯ ಸೀರೆಗೆ ತಾನೇ ಇಸ್ತ್ರಿ ಹಾಕಿದ್ದ; ಅಂಚಿನ ಹತ್ತಿರ ಒಂದು ಸುಕ್ಕು ಉಳಿದದ್ದು ನಿಜ, ಆದರೆ ಅದು ಹೇಗೂ ನೆರಿಗೆಯೊಳಗೆ ಸೇರುವ ಜಾಗ. ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಶಿರಾ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದುಕೊಟ್ಟಿದ್ದ. ಬಸ್ಸು ಹೊರಡುವಾಗ ಕಿಟಕಿಯ ಕೆಳಗೆ ನಿಂತು, "ಹೆದರ್ಕೋಬೇಡ, ಸೌಂಡ್ ನಾನು ನೋಡ್ಕೋತೀನಿ" ಎಂದೂ ಹೇಳಿದ್ದ. ಹಾಗೆ ಹೇಳಿದವನು ಈಗ ಮಧುಗಿರಿಯ ಆಫೀಸಿನ ಮಹಡಿಯ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು, ತನ್ನ ಬಲಗೈಯ ತೋರುಬೆರಳನ್ನು ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ ನೋಡುತ್ತಿದ್ದ. ಶಿರಾದ ಸಭಾಂಗಣದಲ್ಲಿ ಅವಳು ಮಾತಾಡುತ್ತಿದ್ದ ಮೈಕನ್ನು ಆ ಬೆರಳು ಈಗಷ್ಟೇ ಇಲ್ಲಿಂದ ನಿಲ್ಲಿಸಿತ್ತು.

ಅವನ ಕೆಲಸ ಅಂದರೆ ಇಷ್ಟೇ. ಶಿಕ್ಷಕರಿಗೆ ತರಬೇತಿ ಕೊಡುವ ಅವನ ಸಂಸ್ಥೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಒಂದೊಂದು ಸಭಾಂಗಣವಿತ್ತು. ನಾಲ್ಕರ ಪ್ರೊಜೆಕ್ಟರು, ಮೈಕು, ಸ್ಪೀಕರು, ಕ್ಯಾಮೆರಾ ಎಲ್ಲವೂ ನೆಟ್‌ವರ್ಕಿನ ದಾರಿ ಹಿಡಿದು ಈ ಕೋಣೆಗೆ ಬಂದು ಸೇರುತ್ತಿದ್ದವು. ಇವನು ಇಲ್ಲಿ ಒತ್ತಿದರೆ ಪಾವಗಡದಲ್ಲಿ ಪರದೆ ಇಳಿಯುತ್ತಿತ್ತು, ಕೊರಟಗೆರೆಯಲ್ಲಿ ದನಿ ಏರುತ್ತಿತ್ತು. ಮೊದಮೊದಲು ಈ ದಾರಿಗೆ ಬೀಗವಿರಲಿಲ್ಲ. ಪಾವಗಡದಲ್ಲಿ ಒಮ್ಮೆ, ತೀರಿಕೊಂಡ ಹಿರಿಯ ಮೇಷ್ಟ್ರೊಬ್ಬರಿಗಾಗಿ ಎಲ್ಲರೂ ತಲೆ ಬಗ್ಗಿಸಿ ಮೌನ ಆಚರಿಸುತ್ತಿದ್ದಾಗ, ಪಕ್ಕದ ಮೊಬೈಲ್ ಅಂಗಡಿಯಲ್ಲಿ ಕೂತ ಯಾರೋ ಫೋನಿನಲ್ಲಿ ತಡಕಾಡುತ್ತಾ ಒಳಗೆ ನುಗ್ಗಿ, ಸಭಾಂಗಣದ ಸ್ಪೀಕರುಗಳಲ್ಲಿ ತೆಲುಗಿನ ಕುಣಿತದ ಹಾಡು ಹಾಕಿಬಿಟ್ಟಿದ್ದ. ತೀರಿಕೊಂಡವರ ತಮ್ಮ ಮಾತ್ರ, "ಮಾ ಅನ್ನಕಿ ಪಾಟಲಂಟೇ ಪ್ರಾಣಂ, ನಮ್ಮಣ್ಣಂಗೆ ಹಾಡಂದ್ರೆ ಜೀವ, ಹೋಗ್ಲಿ ಬಿಡಿ ಸಾರ್" ಎಂದು ಕಣ್ಣೊರೆಸಿಕೊಂಡರಂತೆ. ಉಳಿದವರು ಹಾಗೆ ಬಿಡಲಿಲ್ಲ. ನರಸಿಂಹರಾಜು ಅಂದಿನಿಂದ ಊಟ ನಿದ್ದೆ ಬಿಟ್ಟು ಬೀಗ ಹಾಕುವುದಕ್ಕೆ ಕೂತ. ಪಾಸ್‌ವರ್ಡು, ಅದರ ಮೇಲೆ ಫೋನಿಗೆ ಬರುವ ಅಂಕಿ, ಗೊತ್ತಿಲ್ಲದ ಯಾವ ಯಂತ್ರವೂ ಹತ್ತಿರ ಸುಳಿಯದ ಹಾಗೆ ಗೋಡೆ. ಇನ್ನೊಂದನ್ನು ಅವನು ಯಾರೂ ಕೇಳದೆ ತಾನಾಗಿಯೇ ಸೇರಿಸಿದ್ದ: ದೂರದಿಂದ ಯಾವ ಸಭಾಂಗಣದ ಮೈಕು ತೆರೆದರೂ ಅಲ್ಲಿ ಟಣ್ ಎಂದು ಗಂಟೆ ಬಾರಿಸಬೇಕು. ಕದ್ದು ಕೇಳಿಸಿಕೊಳ್ಳುವ ಕೆಲಸ ನಡೆಯಬಾರದು ಎಂಬ ಮರ್ಯಾದೆ ಅದು. ಕಾರ್ಯದರ್ಶಿಗಳು ಬಂದು ನೋಡಿ, "ಇನ್ನು ನೊಣಾನೂ ಒಳಗೆ ಬರೋ ಹಂಗಿಲ್ಲ ಅಲ್ವೇನ್ರೀ?" ಎಂದಾಗ ಎದೆಯುಬ್ಬಿಸಿ "ಇಲ್ಲ ಸಾರ್" ಎಂದಿದ್ದ. ಒಳಗೇ ಕೂತಿರುವವನ ಬಗ್ಗೆ ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ವನಜಾಕ್ಷಿ ಮಧುಗಿರಿಯ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಟೀಚರು. ಹೊರಗಿನವರ ಮುಂದೆ ತರಬೇತಿ ಕೊಡಲು ಅವಳನ್ನು ಆರಿಸಿದ್ದು ಇದೇ ಮೊದಲು. ಶಿರಾದಲ್ಲಿ ಚೆನ್ನಾಗಿ ಆದರೆ ಉಳಿದ ಮೂರು ತಾಲ್ಲೂಕಿಗೂ ಅವಳನ್ನೇ ಕರೆಯುವುದು ಎಂದು ಮಾತಾಗಿತ್ತು. ವಿಷಯ, ಬಾಯಿ ಬಿಡದ ಮಕ್ಕಳನ್ನು ಮಾತಾಡಿಸುವುದು ಹೇಗೆ. ವಾರದಿಂದ ಮನೆಯಲ್ಲಿ ಅಡುಗೆ ಮಾಡುತ್ತಾ, ಪಾತ್ರೆ ಒರೆಸುತ್ತಾ ಗುನುಗಿಕೊಳ್ಳುತ್ತಿದ್ದಳು. ಇವನು ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಿದ್ದಳು. ಇವತ್ತು ಹೆಡ್‌ಫೋನು ಹಾಕಿಕೊಂಡು ಕೂತಾಗ ಅವಳ ದನಿ ಮೊದಲು ಸ್ವಲ್ಪ ನಡುಗುತ್ತಿತ್ತು, ಇವನು ಇಲ್ಲಿಂದಲೇ ಒಂದು ಚೂರು ಏರಿಸಿಕೊಟ್ಟ, ಗಡಸುತನ ಇಳಿಸಿದ. ಅವಳು ನೀರು ಕುಡಿದದ್ದು ಕೇಳಿಸಿತು. ತನ್ನ ಹೆಂಡತಿ ಅಷ್ಟು ಜನರ ಮುಂದೆ ನಿಂತಿದ್ದಾಳೆ, ಆ ದನಿಯ ಕೊರಳಪಟ್ಟಿ ಸರಿಮಾಡುತ್ತಿರುವವನು ತಾನು ಎಂದು ಅವನಿಗೆ ಹಿತವಾಗಿತ್ತು. ಆಗ ಅವಳೆಂದಳು: "ಒಬ್ಬ ಹುಡುಗ ಇದ್ದ. ನಮ್ಮ ಕಡೆಯವನೇ. ಆಗಸ್ಟ್ ಹದಿನೈದಕ್ಕೆ ಭಾಷಣ ಬಾಯಿಪಾಠ ಮಾಡ್ಕೊಂಡು ಬಂದು ಮೈಕ್ ಮುಂದೆ ನಿಂತ. 'ಮಾನ್ಯ' ಅಂದ..." ಮೇಲಿನ ಕೊನೆಯ ಗುಂಡಿಯನ್ನು ಅವನು ಹುಡುಕಲೂ ಇಲ್ಲ, ಬೆರಳಿಗೆ ಗೊತ್ತಿತ್ತು. ಶಿರಾ ಸದ್ದಡಗಿತು.

ಮಾನ್ಯ ಅಧ್ಯಕ್ಷರೇ, ಗುರುಗಳೇ, ನನ್ನ ನೆಚ್ಚಿನ ಗೆಳೆಯರೇ. ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಅವತ್ತು ಮಾತ್ರ 'ಮಾನ್ಯ'ದಾಚೆಗೆ ಒಂದು ಅಕ್ಷರವೂ ಬರಲಿಲ್ಲ. ಟೆಂಟ್ ಹೌಸಿನವರು ತಂದ ಆ ಮೈಕಿನಲ್ಲಿ ತನ್ನ ದನಿಯೇ ಊರ ಬಾವಿಯ ಕಡೆಯಿಂದ ತಿರುಗಿ ಬಂದು ಕೇಳಿಸಿದಾಗ, ಅದು ತನ್ನದಲ್ಲ, ಯಾರೋ ದೊಡ್ಡವರು ಗದರುತ್ತಿದ್ದಾರೆ ಅನ್ನಿಸಿತ್ತು. ಇನ್ನೊಮ್ಮೆ 'ಮಾನ್ಯ' ಅಂದ. ಮತ್ತೊಮ್ಮೆ ಅಂದ. ಕದರಪ್ಪ ಮೇಷ್ಟ್ರು ಕೈ ಚಾಚಿ ಮೈಕನ್ನು ಅವನ ಬಾಯಿಂದ ಆಚೆ ಎಳೆದುಕೊಂಡು, "ಇವನ ಮಾನ್ಯ ಮುಗಿಯೋ ಹೊತ್ಗೆ ಬಾವುಟ ಇಳಿಸೋ ಹೊತ್ತಾಗ್ತದೆ ಕೂತ್ಕೊಳ್ಲಾ" ಎಂದರು. ಇಡೀ ಊರು ನಕ್ಕಿತು. ಅವನ ಅಪ್ಪನೂ ನಕ್ಕ, ಅದು ಎಲ್ಲರೂ ನಗುವಾಗ ಒಬ್ಬನೇ ಸುಮ್ಮನಿರಲಾಗದೆ ನಕ್ಕದ್ದು ಎಂದು ಆಮೇಲೆ ತಿಳಿಯಿತು, ಆದರೂ ನಕ್ಕ. ಹೈಸ್ಕೂಲು ಮುಗಿಯುವವರೆಗೂ ಅವನ ಹೆಸರು ಮಾನ್ಯ. ಚೆಂಡು ಈ ಕಡೆ ಎಸೆಯೋ ಮಾನ್ಯ, ಮಾನ್ಯನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ. ಮೈಕಿನ ಮುಂದೆ ನಿಲ್ಲುವುದನ್ನು ಬಿಟ್ಟು ಹಿಂದೆ ನಿಲ್ಲುವ ಕೆಲಸ ಕಲಿತ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಕರೆಂಟು ಹೋಗಿ ತಾರಸಿಯಲ್ಲಿ ಕೂತಿದ್ದಾಗ ಇದನ್ನು ವನಜಾಕ್ಷಿಗೆ ಹೇಳಿದ್ದ, ನಗಿಸಲೆಂದೇ, ಮೇಷ್ಟ್ರ ದನಿಯನ್ನೂ ಅನುಕರಿಸಿ. ಅವಳು ನಗಲಿಲ್ಲ. ಕತ್ತಲಲ್ಲಿ ಅವನ ಕೈ ಹಿಡಿದುಕೊಂಡು ಸುಮ್ಮನೆ ಕೂತಳು. ಆ ಕೈ ಹಿಡಿದದ್ದು ಶಿರಾದಲ್ಲಿ ಊರವರಿಗೆಲ್ಲ ಬಿಚ್ಚಿ ತೋರಿಸಲಿಕ್ಕೋ ಎಂದು ಈಗ ಅವನಿಗೆ ಉರಿಯಿತು. ಹೆಸರು ಹೇಳದಿದ್ದರೇನು, ನಮ್ಮ ಕಡೆಯವನೇ ಎಂದಾಯಿತಲ್ಲ. ಆ ಹುಡುಗ ಈಗ ನಾಲ್ಕು ಊರಿನ ಮೈಕು ನೋಡಿಕೊಳ್ಳುತ್ತಾನೆ ಎಂದು ಸೇರಿಸಿದರೆ ಮುಗಿಯಿತು. ಅಲ್ಲಿ ಕೂತ ಟೀಚರುಗಳಲ್ಲಿ ಅರ್ಧ ಜನಕ್ಕೆ ಇವನು ಗೊತ್ತು.

ಕ್ಯಾಮೆರಾ ಮಾತ್ರ ತೆರೆದೇ ಇತ್ತು. ಅದಕ್ಕೆ ಕಿವಿಯಿಲ್ಲ, ಆ ಸಭಾಂಗಣದ ಒಂದೇ ಒಂದು ಕಿವಿ ಎಂದರೆ ವೇದಿಕೆಯ ಮೈಕು, ಅದನ್ನು ಇವನೇ ಕಿತ್ತುಕೊಂಡಿದ್ದ. ಪರದೆಯಲ್ಲಿ ಅಂಗೈ ಅಗಲದ ವನಜಾಕ್ಷಿ ಮೈಕನ್ನು ಬೆರಳಿನಿಂದ ತಟ್ಟಿದಳು. ಮೊದಲ ಸಾಲಿನಿಂದ ಅಲ್ಲಿಯ ಉಸ್ತುವಾರಿ ಪ್ರಭುದೇವ್ ಎದ್ದರು, ಬಾಗಿಲ ಕಡೆ ಕೈಬೀಸಿ ಯಾರನ್ನೋ ಕರೆದರು. ಸಭಾಂಗಣದ ಅಟೆಂಡರ್ ಅಡವಯ್ಯ ಓಡಿ ಬಂದು ವೈರನ್ನು ಹಿಡಿದು ಮುಂದೆ ನೋಡಿದ, ಹಿಂದೆ ನೋಡಿದ, ಮಂಡಿಯೂರಿ ವೇದಿಕೆಯ ಕೆಳಗೆ ಬಗ್ಗಿದ. ನರಸಿಂಹರಾಜು ಕಾದ. ಅವಳು ಗಾಬರಿಯಾಗುತ್ತಾಳೆ, ನೀರು ಕುಡಿಯುತ್ತಾಳೆ, ಕೂತುಕೊಳ್ಳುತ್ತಾಳೆ, ಐದು ನಿಮಿಷ ಬಿಡುವು ಎನ್ನುತ್ತಾರೆ, ಅಷ್ಟರಲ್ಲಿ ಫೋನು ಮಾಡಿ ಆ ಕತೆ ಬೇಡ ಕಣೇ ಎನ್ನಬಹುದು. ಹಾಗೆ ಯಾವುದೂ ಆಗಲಿಲ್ಲ. ಅವಳು ಅಡವಯ್ಯನಿಗೆ ಇರಲಿ ಬಿಡಿ ಎಂಬಂತೆ ಕೈಮಾಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲಿಳಿದು ಕುರ್ಚಿಗಳ ನಡುವಿನ ಓಣಿಗೆ ಬಂದಳು. ಇಸ್ತ್ರಿಯ ಸುಕ್ಕು ನೆರಿಗೆಯಲ್ಲಿ ಅಡಗಿರಲಿಲ್ಲ, ಚೆನ್ನಾಗಿಯೇ ಕಾಣುತ್ತಿತ್ತು. ನಡೆಯುತ್ತಾ ಮಾತಾಡತೊಡಗಿದಳು. ಹಿಂದಿನ ಸಾಲಿನವರು ಕುರ್ಚಿ ಎಳೆದುಕೊಂಡು ಮುಂದೆ ಬಂದರು.

ಮೈಕಿಲ್ಲದೆ ಅಷ್ಟು ಜನಕ್ಕೆ ಕೇಳಿಸುವಷ್ಟು ದನಿ ಇವಳಿಗೆ ಯಾವಾಗ ಬಂತು? ಮನೆಯಲ್ಲಿ ಹಾಲಿನವನನ್ನು ಕರೆಯಬೇಕಾದರೂ ಮಗಳು ಹರ್ಷಿತಾಳನ್ನು ಬಾಗಿಲಿಗೆ ಕಳಿಸುವವಳು. ಈಗ ಒಂದು ಕೈಯನ್ನು ತಲೆಯ ಮೇಲೆ ಎತ್ತಿ ಏನನ್ನೋ ಇಳಿಸುವ ಹಾಗೆ ಮಾಡಿದಳು. ಬಾವುಟವೇ? ಬಾವುಟವೇ ಇರಬೇಕು. ಸಭೆ ನಕ್ಕಿತು. ಸದ್ದಿಲ್ಲದ ನಗು ನೋಡಲು ಬಹಳ ಕೆಟ್ಟದಾಗಿರುತ್ತದೆ, ಬರೀ ಹಲ್ಲು ಮತ್ತು ಅಲುಗುವ ಭುಜಗಳು. ಚಶ್ಮಾದ ಒಬ್ಬ ಹೆಂಗಸು ಪಕ್ಕದವಳ ತೊಡೆ ತಟ್ಟಿ ನಗುತ್ತಿದ್ದಳು. ಪ್ರಭುದೇವ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಹಾಗೆ ಕೈ ಅಡ್ಡ ಹಿಡಿಯುವುದು ಗೊತ್ತಿರುವವರ ವಿಷಯಕ್ಕೆ ನಗುವಾಗಲಲ್ಲವೇ? ನರಸಿಂಹರಾಜು ಕ್ಯಾಮೆರಾವನ್ನು ಹತ್ತಿರಕ್ಕೆ ತಂದ, ಅವಳ ತುಟಿಗಳನ್ನು ಓದಲು ನೋಡಿದ. ಇಷ್ಟು ವರ್ಷ ಸಂಸಾರ ಮಾಡಿ ಈ ತುಟಿಗಳನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲಿರಬೇಕು. ಒಂದು ಪದ ಸಿಕ್ಕಿತು, ಅದು 'ಗಂಡ' ಎಂದೋ 'ಕಂಡ' ಎಂದೋ ತಿಳಿಯುವಷ್ಟರಲ್ಲಿ ಅವಳು ಬೆನ್ನು ತಿರುಗಿಸಿದಳು.

ಮೈಕನ್ನು ಮತ್ತೆ ತೆರೆಯಬಹುದಿತ್ತು. ಅದೇ ಗುಂಡಿ, ಅದೇ ಬೆರಳು. ಆದರೆ ತೆರೆದರೆ ಟಣ್ ಎನ್ನುತ್ತದೆ. ಇಡೀ ಸಭಾಂಗಣ ಮೇಲೆ ನೋಡುತ್ತದೆ. ಓಹೋ ಮಧುಗಿರಿಯಲ್ಲಿ ಯಾರೋ ಕೈಯಾಡಿಸುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಕಿವಿ ತೆರೆದರೆ ಗಂಟೆ ಬಾರಿಸಬೇಕು ಎಂದು ಕಟ್ಟುನಿಟ್ಟು ಮಾಡಿದವನಿಗೆ, ಬಾಯಿ ಮುಚ್ಚಿಸಿದರೂ ಬಾರಿಸಬೇಕೆಂದು ಹೊಳೆದಿರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ. ತಾನೇ ಕಟ್ಟಿದ ಮರ್ಯಾದೆಯ ಹೊರಗೆ ತಾನೇ ನಿಂತು, ಕಿಟಕಿಯಾಚೆ ಬಿಸಿಲಿಗೆ ಕಾಯುತ್ತಿದ್ದ ಏಕಶಿಲೆಯ ಬೆಟ್ಟವನ್ನೂ ಪರದೆಯ ಹೆಂಡತಿಯನ್ನೂ ಸರದಿಯಲ್ಲಿ ನೋಡಿದ. ಕೊರಟಗೆರೆಯಿಂದ ಯಾರೋ ಪರದೆ ಮಂಕಾಗಿದೆ ಎಂದು ಫೋನು ಮಾಡಿದರು. ಸಿದ್ದರಬೆಟ್ಟಕ್ಕೆ ಹೋಗಿ ಬಂದ ಕಾಲುನೋವನ್ನೂ ಸೇರಿಸಿ ಹೇಳಿದರು. ಎರಡಕ್ಕೂ "ಆಯ್ತು ಸಾರ್" ಎಂದ. ಕೈ ಚಾಚಿ ಮೈಕನ್ನು ಎಳೆದುಕೊಳ್ಳುವುದು ಎಷ್ಟು ಹಗುರದ ಕೆಲಸ, ಕದರಪ್ಪ ಮೇಷ್ಟ್ರಿಗೂ ಆವತ್ತು ಇದು ಇಷ್ಟೇ ಹಗುರವಾಗಿರಬೇಕು. ಅವರಿಗೂ ಏನೋ ಅವಸರವಿತ್ತು, ಬಿಸಿಲೇರುತ್ತಿತ್ತು, ಮಕ್ಕಳಿಗೆ ಸಿಹಿ ಹಂಚಬೇಕಿತ್ತು. ಅವರೇನೂ ಕೆಟ್ಟವರಲ್ಲ. ಈ ಯೋಚನೆ ಬಂದದ್ದೇ ಅವನಿಗೆ ಬೆವರೊಡೆಯಿತು, ಎದ್ದು ಫ್ಯಾನು ಜೋರು ಮಾಡಿದ.

ಊಟದ ಹೊತ್ತು ಮೀರಿ ಮೂರೂವರೆಗೆ ಪ್ರಭುದೇವ್ ಫೋನು ಮಾಡಿದರು. ಕಾರ್ಯಕ್ರಮ ಅದ್ಭುತವಾಯಿತೆಂದೂ, ಮೇಡಂ ಕೊನೆಯ ಪಾಠಕ್ಕೆ ಕೂರದೆ ಆಗಲೇ ಬಸ್ಸಿಗೆ ಹೊರಟರೆಂದೂ, ಮೈಕು ಮಾತ್ರ ಮಾನ ಕಳೆಯಿತೆಂದೂ ಹೇಳಿದರು. "ನಮ್ಮ ಅಡವಯ್ಯಂದೇ ಕಿತಾಪತಿ ಸಾರ್. ಕೈ ಸುಮ್ನಿರಲ್ಲ ಅವನಿಗೆ, ಎಲ್ಲಾನೂ ಒರೆಸ್ತಾನೆ. ಸೋಮವಾರದಿಂದ ಗೇಟಿಗೆ ಹಾಕ್ತೀನಿ, ಬಿಸಿಲಲ್ಲಿ ಕೂತ್ರೆ ಬುದ್ಧಿ ಬರುತ್ತೆ."

"ಅಯ್ಯೋ ಇರ್ಲಿ ಬಿಡಿ ಸಾರ್, ನಾನು ಒಂದ್ಸಲ ನೋಡ್ತೀನಿ" ಎಂದ ನರಸಿಂಹರಾಜು. ಅದು ಸುಳ್ಳಲ್ಲ, ನಿಜವೂ ಅಲ್ಲ. ಆಫೀಸುಗಳಲ್ಲಿ ಬದುಕು ಸಾಗುವುದೇ ಅಂಥ ಮಾತುಗಳಿಂದ. ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದ. ಅವಳು ಬೆಳಿಗ್ಗೆ ಆ ಗಡಿಬಿಡಿಯಲ್ಲೂ ಅವನಿಗೆ ಇಷ್ಟವೆಂದು ಕಡಲೆಬೀಜ ಜಾಸ್ತಿ ಹಾಕಿದ್ದಳು. ತಿನ್ನುವುದು ಅರ್ಧಕ್ಕೆ ನಿಂತಿತು.

ಅಷ್ಟರಲ್ಲಿ ಅಡವಯ್ಯನೇ ಫೋನು ಮಾಡಿದ. ಅವನು ಹೀಗೆ ನೇರವಾಗಿ ಎಂದೂ ಮಾಡಿದವನಲ್ಲ.

"ಸಾ, ನಾನು ಅಡವಯ್ಯ ಸಾ, ಶಿರಾದಿಂದ. ಮೈಕ್ನ ನಾನು ಮುಟ್ಟಿಲ್ಲ ಸಾ. ನಮ್ಮವ್ವನಾಣೆ."

"ಗೊತ್ತು ಅಡವಯ್ಯ, ಬಿಡು."

"ಅಂಗಲ್ಲ ಸಾ. ಬೆಳಿಗ್ಗೆ ಒರೆಸಿದ್ದು ನಿಜ. ಒಣಾ ಬಟ್ಟೇಲೇ ಒರೆಸ್ದೆ. ವಸಿ ಒದ್ದೆ ಇತ್ತೋ ಏನೋ ಅಂತ ಈಗ ಅನ್ನುಸ್ತೈತೆ. ಶುಕ್ರವಾರ ಅಲ್ವಾ, ಒಂದ್ ಚೂರು ಕುಂಕುಮಾನೂ ಇಕ್ದೆ. ಅದೇ ಒಳೀಕೆ ಹೋಗ್ಬುಟ್ಟೈತೇನೋ. ಸಾಹೇಬ್ರು ಪೂರಾ ಗರಂ ಆಗವ್ರೆ. ನಂದೇ ತಪ್ಪಿದ್ರೆ ನೀವು ಹೇಳ್ಬುಡಿ ಸಾ, ಮನ್ಸಿಗಾದ್ರೂ ಸಮಾಧಾನ ಆಯ್ತದೆ."

ಮಾಡದ ತಪ್ಪನ್ನು ಅವನು ಹಾಗೆ ಒಂದೊಂದೇ ಬಟ್ಟೆ ಹಾಕಿ ಸಿಂಗರಿಸುತ್ತಿದ್ದದ್ದನ್ನು ಕೇಳಲಾಗಲಿಲ್ಲ. ಅಂಥ ಹೊತ್ತಿನಲ್ಲೂ ನರಸಿಂಹರಾಜುವಿನ ಬಾಯಿಂದ ಬಂದದ್ದು ಬೇರೆಯೇ. "ಮೈಕ್ ಹೋದ್ಮೇಲೆ ಮೇಡಂ ಏನು ಮಾತಾಡಿದ್ರು ಅಡವಯ್ಯ? ಆ ಹುಡುಗನ ಕತೆ... ಅದು ಏನಾಯ್ತು?"

"ನಾನೆಲ್ಲಿ ಕೇಳುಸ್ಕೊಂಡೆ ಸಾ. ವೈರು ಹಿಡ್ಕೊಂಡು ಸ್ಟೇಜ್ ಕೆಳುಗೆ ಬಗ್ಗಿದ್ನಲ್ಲ. ಎಲ್ರೂ ಒಂದೇ ಸಮ ನಗ್ತಿದ್ರು." ಅಡವಯ್ಯ ಸ್ವಲ್ಪ ತಡೆದು ಹೇಳಿದ, "ನನ್ನ ನೋಡೇ ನಗ್ತಾವ್ರೆ ಅಂದ್ಕೊಂಡೆ ಸಾ. ಎದ್ದು ನಿಂತ್ಕಳಕ್ಕೇ ಆಗ್ಲಿಲ್ಲ."

ಫೋನು ಇಟ್ಟಮೇಲೆ ಅವನಿಗೆ ನಾಚಿಕೆಯಾಯಿತು. ಕಿವಿಯವರೆಗೂ ಬಿಸಿಯೇರಿಸುವ ಬರೀ ನಾಚಿಕೆ. ಮಂಡಿಯೂರಿ ವೇದಿಕೆಯ ಕೆಳಗೆ ಅಡಗಿ ಕೂತ ಆ ಮುದುಕನ ಬೆನ್ನನ್ನು ಅವನು ಪರದೆಯಲ್ಲಿ ಕಂಡೂ ಕಂಡಿರಲಿಲ್ಲ. ಕೂಡಲೇ ಪ್ರಭುದೇವ್ ಅವರಿಗೆ ಫೋನು ಮಾಡಿ, ಅಡವಯ್ಯನದು ಏನೂ ಇಲ್ಲ, ನಾನೇ ಇಲ್ಲಿಂದ ನಿಲ್ಲಿಸಿದ್ದು ಎಂದ. ಅಷ್ಟು ಹೇಳುವ ಹೊತ್ತಿಗೆ ಧೈರ್ಯ ತೀರಿತು. "ಕೈ ತಪ್ಪಿ" ಎಂದು ಸೇರಿಸಿದ.

ಆ ಕಡೆ ಪ್ರಭುದೇವ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆಂಡ್ತಿ ಮೈಕನ್ನೇ ಕೈ ತಪ್ಪಿ ನಿಲ್ಲಿಸಿದ್ರಾ? ಎಷ್ಟು ವರ್ಷದಿಂದ ಕಾಯ್ತಾ ಇದ್ರಿ ಸಾರ್? ತಾಳಿ, ಮೇಡಂಗೆ ಈಗ್ಲೇ ಫೋನ್ ಮಾಡಿ ಹೇಳ್ತೀನಿ."

"ಬೇಡ ಸಾರ್. ನಾನೇ ಹೇಳ್ತೀನಿ."

"ಹೇಳ್ತೀರಾ? ಹೇಳದಿದ್ರೆ ನಾನಂತೂ ಬಿಡಲ್ಲ. ಮುಂದಿನ ಮೀಟಿಂಗಲ್ಲಿ ಇದೇ ಮೊದಲನೇ ವಿಷಯ."

ಬಸ್ ಸ್ಟ್ಯಾಂಡಿನಲ್ಲಿ ಬೆಟ್ಟದ ಬಂಡೆಯ ಕಾವು ಸಂಜೆಯಾದರೂ ಇಳಿದಿರಲಿಲ್ಲ. ಹೇಗೆ ಹೇಳುವುದೆಂದು ನರಸಿಂಹರಾಜು ಎರಡು ಮೂರು ಬಗೆಯಲ್ಲಿ ಮನಸ್ಸಿನಲ್ಲೇ ಹೇಳಿ ನೋಡಿದ. ಒಂದರಲ್ಲಿ ಅವನು ತಮಾಷೆಯಾಗಿ ಹೇಳಿದ, ಇನ್ನೊಂದರಲ್ಲಿ ಸಿಟ್ಟಿನಿಂದ, ನನ್ನ ಕತೆ ನನ್ನ ಕೇಳದೆ ಹೇಗೆ ಹೇಳಿದೆ ಎಂದು. ಸಿಟ್ಟಿನದು ಚೆನ್ನಾಗಿ ಬಂತು. ಅದನ್ನೇ ಇಟ್ಟುಕೊಂಡ. ಬಸ್ಸು ಬಂದು, ಜನರ ನಡುವೆ ಚೀಲ ಎತ್ತಿ ಹಿಡಿದು ಅವಳು ಇಳಿದಾಗ, ಕೂದಲು ಕೆದರಿತ್ತು, ಮುಖಕ್ಕೆಲ್ಲ ಧೂಳು, ಕಣ್ಣು ಮಾತ್ರ ಹುಡುಗಿಯ ಕಣ್ಣು. ಸಿಟ್ಟಿನ ಮಾತು ಅಲ್ಲೇ ಬಿದ್ದುಹೋಯಿತು.

"ಏನ್ರೀ, ಕಬ್ಬಿನ ಹಾಲು ಕುಡಿಯೋಣ. ಗಂಟಲು ಪೂರ್ತಿ ಹೋಗಿದೆ ನಂದು" ಎಂದಳು. ನಿಜವೇ, ದನಿ ಒಡೆದಿತ್ತು. ಗಾಣದವನು ಕಬ್ಬನ್ನು ಮಡಚಿ ಮಡಚಿ ಒಳಗೆ ತುರುಕುತ್ತಿರುವಾಗ, ಆ ಗಲಾಟೆಯ ಮೇಲೇ ಅವಳು ಹೇಳತೊಡಗಿದಳು. "ನಿಮ್ಮ ಮೈಕು ಕೈಕೊಡ್ತು ಗೊತ್ತಾ? ಒಳ್ಳೇದೇ ಆಯ್ತು ಬಿಡಿ. ಅಲ್ಲೀವರ್ಗೂ ನಾನು ನಾನಾಗೇ ಇರ್ಲಿಲ್ಲ. ಒಂದು ಮಾತಾಡೋದು, ಇವರಿಗೆ ಏನನ್ನುಸ್ತೋ ಅಂತ ಆ ಮೈಕ್ ಕಡೆ ನೋಡೋದು. ಅಷ್ಟು ಜನ ಎದುರಿಗೆ ಕೂತಿದಾರೆ, ನಾನು ಮಾತಾಡ್ತಿರೋದು ಮಧುಗಿರೀಲಿರೋ ಒಬ್ಬರ ಹತ್ರ ಅನ್ನಿಸ್ತಿತ್ತು ಕಣ್ರೀ. ಮೈಕ್ ಹೋಯ್ತಲ್ಲ, ಸದ್ಯ ಇನ್ನು ಇವರಿಗೆ ಕೇಳ್ಸಲ್ಲ ಅಂದ್ಕೊಂಡಿದ್ದೇ ತಡ, ಬಾಯಿಗೆ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಮಾತಾಡ್ದೆ, ನಗ್ಸಿದೆ, ಕುಣಿಯೋದೊಂದು ಬಾಕಿ. ಕೊರಟಗೆರೆಗೂ ಬನ್ನಿ, ಪಾವಗಡಕ್ಕೂ ಬನ್ನಿ ಅಂತ ಅಲ್ಲೇ ಹೇಳಿದ್ರು."

ಗಾಣ ನಿಂತಿತು. ಇಲ್ಲಿ ಸುಮ್ಮನಿದ್ದುಬಿಟ್ಟರೆ ಯಾರಿಗೂ ನಷ್ಟವಿರಲಿಲ್ಲ. ಅಡವಯ್ಯ ಪಾರಾಗಿದ್ದ, ಇವಳು ಸಂತೋಷವಾಗಿದ್ದಳು, ಕೈ ತಪ್ಪಿ ಎಂಬ ಮಾತು ಪ್ರಭುದೇವ್ ಬಾಯಿಂದ ಬಂದರೂ ನಗುವಿನಲ್ಲಿ ಹೋಗುತ್ತಿತ್ತು. ಅವನಿಗೆ ಒಂದು ಕ್ಷಣ, ನಾನು ನಿಲ್ಲಿಸಿದ್ದರಿಂದಲೇ ಅಲ್ಲವೇ ಇದೆಲ್ಲ ಎಂದು ಪಾಲು ಕೇಳುವ ಆಸೆಯೂ ಹುಟ್ಟಿತು. ಮನುಷ್ಯ ಎಂಥವನು ನೋಡಿ. ಗ್ಲಾಸು ಅವಳ ಕೈಗೆ ಕೊಡುತ್ತಾ, "ಕೈಕೊಟ್ಟಿದ್ದಲ್ಲ ಅದು. ನಾನು ನಿಲ್ಲಿಸಿದ್ದು" ಎಂದ. "ಮಾನ್ಯ ಅಂದ್ಯಲ್ಲ, ಆಗ."

ಅವಳು ಗ್ಲಾಸನ್ನು ತುಟಿಯ ಹತ್ತಿರವೇ ಹಿಡಿದು ನಿಂತಳು. ಪಕ್ಕದಲ್ಲಿ ತುಮಕೂರಿನ ಬಸ್ಸೊಂದು ಹಿಂದೆ ಸರಿಯಲು ಹಾರ್ನು ಹೊಡೆಯುತ್ತಿತ್ತು.

"ಕ್ಯಾಮೆರಾ?"

"ಅದು ಇತ್ತು."

"ನೋಡ್ತಾ ಕೂತಿದ್ರಾ?"

"ಹೂಂ. ಮುಗಿಯೋವರ್ಗೂ."

"ಅಷ್ಟು ಜನದ ಮಧ್ಯೆ ನಿಂತು ಒಬ್ಬಳೇ ಇದೀನಿ ಅಂದ್ಕೊಂಡಿದ್ದೆ ನಾನು" ಎಂದಳು ವನಜಾಕ್ಷಿ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಹೊಸ ಸೀರೆಗೆ ಕಲೆ ಬಿದ್ದಾಗ ಹೋಗುತ್ತದೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತಾಳಲ್ಲ, ಹಾಗೆ ಶಿರಾದ ತನ್ನ ಆ ಹೊತ್ತನ್ನು ನೋಡಿಕೊಳ್ಳುತ್ತಿದ್ದಳು. ಮೈಕು ನಿಲ್ಲಿಸಿದ್ದಕ್ಕಿಂತ ಇದು ದೊಡ್ಡದೆಂದು ನರಸಿಂಹರಾಜುವಿಗೆ ಆಗ ತಿಳಿಯಿತು. ಮೊದಲು ದನಿ ಕಿತ್ತುಕೊಂಡಿದ್ದ, ಈಗ ನಿಜ ಹೇಳಿ ಉಳಿದದ್ದನ್ನೂ ಕಿತ್ತುಕೊಂಡಿದ್ದ. ಏನಾದರೂ ಹೇಳಬೇಕಾಗಿತ್ತು. ತಪ್ಪಾಯಿತು ಎಂಬ ಮಾತು ನಾಲಗೆಯ ತುದಿಗೆ ಬಂದು, ಆವತ್ತಿನ 'ಮಾನ್ಯ'ದ ಹಾಗೆ ಮುಂದಕ್ಕೆ ಹೋಗದೆ ನಿಂತಿತು. ಅವಳು ಕಾದಳು. ಅವಳು ಮಾತು ಕಿತ್ತುಕೊಳ್ಳುವವಳಲ್ಲ, ಬಾಯಿ ಬಿಡದ ಮಕ್ಕಳ ಎದುರು ದಿನಾ ಕಾಯುವವಳು. ಗಾಣದವನು ಇವರಿಬ್ಬರನ್ನೂ ನೋಡಿ ಇನ್ನೊಂದು ಕಬ್ಬು ಎತ್ತಿಕೊಂಡ.

"ತಪ್ಪಾಯ್ತು ವನಜಾ."

"ಹೂಂ" ಎಂದಳು. ಕಬ್ಬಿನ ಹಾಲು ಪೂರ್ತಿ ಕುಡಿದು ಗ್ಲಾಸು ಇಟ್ಟಳು. "ನಿಮ್ಮ ಹೆಸರು ಹೇಳ್ಬಿಡ್ತೀನಿ ಅಂದ್ಕೊಂಡ್ರಾ?"

"ಗೊತ್ತಿಲ್ಲ. ಆಮೇಲೆ ಏನು ಹೇಳ್ದೆ ಹುಡುಗನ ವಿಷಯ? ಎಲ್ಲರೂ ನಕ್ರಲ್ಲ."

ವನಜಾಕ್ಷಿ ಅವನ ಮುಖವನ್ನು ನೋಡಿದಳು, ಸ್ವಲ್ಪ ಹೊತ್ತು, ಕನಿಕರವೋ ಕುಚೋದ್ಯವೋ ತಿಳಿಯದ ಹಾಗೆ. "ಅದನ್ನ ಹೇಳಲ್ಲ" ಎಂದಳು. "ಅದು ಅಲ್ಲಿದ್ದೋರಿಗೆ. ನೀವು ಬೇಡ ಅಂತ ನಿಲ್ಲಿಸಿದ್ರಲ್ಲ, ನಿಮಗೆ ಅಷ್ಟೇ."

ಸ್ಕೂಟರಿನಲ್ಲಿ ಹಿಂದೆ ಕೂತು ಅವಳು ಎಂದಿನಂತೆ ಅವನ ಭುಜ ಹಿಡಿದುಕೊಂಡಳು. ದಾರಿಯಲ್ಲಿ ಸೊಪ್ಪು ಕೊಳ್ಳಬೇಕೆಂದು ನಿಲ್ಲಿಸಿದಳು, ದಂಟಿನ ಸೊಪ್ಪು ಬಾಡಿದೆ ಎಂದು ಜಗಳ ಮಾಡಿ ಅದನ್ನೇ ಕೊಂಡಳು. ಎಲ್ಲವೂ ದಿನದ ಹಾಗೇ ಇತ್ತು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಮನೆಗೆ ಬಂದರೆ ಮಗಳು ಹರ್ಷಿತಾ ಬಾಗಿಲಲ್ಲೇ ಕಾಯುತ್ತಿದ್ದಳು, ಅಮ್ಮನ ಚೀಲ ಕಿತ್ತುಕೊಂಡು, "ಹೇಳಮ್ಮಾ, ಹೆಂಗಾಯ್ತು? ಎಲ್ಲಾ ಹೇಳ್ಬೇಕು, ಮೊದಲಿಂದ" ಎಂದು ಅಡುಗೆಮನೆಗೆ ಎಳೆದುಕೊಂಡು ಹೋದಳು. ನರಸಿಂಹರಾಜು ಹೊರಕೋಣೆಯ ಕುರ್ಚಿಯಲ್ಲಿ ಶೂ ಬಿಚ್ಚುತ್ತಾ ಕೂತ. ನಡುವೆ ಇದ್ದದ್ದು ಒಂದು ಪರದೆ ಬಟ್ಟೆ. ಸೊಪ್ಪು ಬಿಡಿಸುತ್ತಾ ವನಜಾಕ್ಷಿ ಹೇಳತೊಡಗಿದಳು, ದನಿ ತಗ್ಗಿಸಲಿಲ್ಲ. ಅವನು ಅಲ್ಲಿ ಕೂತಿರುವುದು ಅವಳಿಗೆ ಗೊತ್ತಿಲ್ಲದೇ ಇರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ, ಶಿರಾದ ಬಿಸಿಲು, ನಡುಗಿದ ಕಾಲು, ಕುಡಿದ ನೀರು. ಒಂದೊಂದನ್ನೇ ದಾಟುತ್ತಾ ಬಂದಳು. "ಆಮೇಲೆ ಒಬ್ಬ ಹುಡುಗನ ಕತೆ ಶುರು ಮಾಡ್ದೆ ಕಣೇ" ಎಂದದ್ದು ಕೇಳಿಸಿತು. ಅವನು ಒಂದು ಶೂ ಕೈಯಲ್ಲಿ ಹಿಡಿದವನು ಹಾಗೇ ಉಳಿದ. ಇನ್ನು ಎರಡು ವಾಕ್ಯದಷ್ಟು ಹೊತ್ತು ಕೂತರೆ ಸಾಕಾಗಿತ್ತು. ಯಾವ ಗುಂಡಿಯೂ ಬೇಡ, ಯಾವ ಗಂಟೆಯೂ ಹೊಡೆಯುವುದಿಲ್ಲ, ಬರೀ ಕೂತಿದ್ದರೆ ಆಯಿತು.

ಬಿಚ್ಚಿದ ಶೂವನ್ನು ಕೆಳಗಿಟ್ಟು, ಇನ್ನೊಂದನ್ನೂ ಅಲ್ಲೇ ಕಳಚಿ, ಬರಿಗಾಲಲ್ಲಿ ಬೀದಿಗೆ ಬಂದ. ಮಣ್ಣು ಇನ್ನೂ ಬೆಚ್ಚಗಿತ್ತು. ಮಾತು ಕೇಳಿಸದಷ್ಟು ದೂರ, ಲೈಟುಕಂಬದವರೆಗೆ ನಡೆದು ನಿಂತ. ಎದುರು ಮನೆಯವರು "ಏನ್ ರಾಜಣ್ಣ, ಹಂಗೇ ಬಂದ್ಬುಟ್ಟೆ?" ಎಂದರು. "ಸುಮ್ನೆ, ಗಾಳಿಗೆ" ಎಂದ. ಸ್ವಲ್ಪ ಹೊತ್ತಿಗೆ ಮನೆಯೊಳಗಿಂದ ತಾಯಿ ಮಗಳು ಇಬ್ಬರೂ ಒಟ್ಟಿಗೆ ನಕ್ಕದ್ದು ಅಷ್ಟು ದೂರಕ್ಕೂ ಬಂತು, ಮೊದಲು ಒಮ್ಮೆ, ಉಸಿರು ಎಳೆದುಕೊಂಡು ಇನ್ನೊಮ್ಮೆ. ಅದು ತನ್ನ ವಿಷಯಕ್ಕೇ ಇರಲಿ ಎಂದು ಅವನಿಗೆ ಬಹಳ ಆಸೆಯಾಯಿತು.